ದೀಪ ಬೆಳಗದ ಬಿಡುಗಡೆ: ಟೂಂಬ್ ರೈಡರ್ ಹವ್ಯಾಸಿಗಳ ಪರಿಷ್ಕೃತ ಹಂತಗಳು

ಪುಸ್ತಕ ಬಿಡುಗಡೆ ಎಂದರೆ ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎಲ್ಲಿಯೇ ಇರಲಿ, ಕನ್ನಡ ಸಂಘದ ಸಭಾಗೃಹದಲ್ಲಿ ದೀಪ ಬೆಳಗುತ್ತದೆ, ಪ್ರಾರ್ಥನೆಯಾಗುತ್ತದೆ. ಬಣ್ಣದ ಕಾಗದದ ಕಟ್ಟು ಬಿಚ್ಚಿ ಅತಿಥಿಗಳು ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಶಾಲು, ಫಲಪುಷ್ಪ, ಧನ್ಯವಾದ ಸಮರ್ಪಣೆ, ಕೊನೆಗೆ ಉಪಾಹಾರ. ಎರಡನೆಯ ಮುದ್ರಣಕ್ಕೆ ಮಾತ್ರ ಇಷ್ಟೆಲ್ಲ ಸಂಭ್ರಮ ಇರುವುದಿಲ್ಲ. ಮೊದಲ ಮುದ್ರಣದ ತಪ್ಪುಗಳನ್ನು ತಿದ್ದಿ, ಬಿಟ್ಟುಹೋದ ಪುಟ ಸೇರಿಸಿ, ಲೇಖಕ ಸದ್ದಿಲ್ಲದೆ ಅದನ್ನು ಅಂಗಡಿಗೆ ಕಳುಹಿಸುತ್ತಾನೆ.

ಸಂಘದ ಸದಸ್ಯರ ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳು ಕುಳಿತು ಆಡುವ ವಿಡಿಯೋ ಗೇಮ್‌ಗಳ ಲೋಕದಲ್ಲಿಯೂ ಇಂತಹುದೇ ಒಂದು ಪದ್ಧತಿ ಇದೆ ಎಂಬುದು ಹಿರಿಯರಿಗೆ ಅಷ್ಟಾಗಿ ತಿಳಿದಿರಲಾರದು. ಕಂಪನಿ ಮಾಡಿದ ಆಟಕ್ಕೆ ಆಟಗಾರನೇ ಒಂದು ಹೊಸ ಹಂತವನ್ನು, ಅಂದರೆ ಲೆವೆಲ್ ಅನ್ನು ಕಟ್ಟುತ್ತಾನೆ. ಅದನ್ನು ಉಚಿತವಾಗಿ ಹಂಚುತ್ತಾನೆ. ಆಡಿದವರು ತಪ್ಪು ಹೇಳಿದಾಗ ತಿದ್ದಿ ಮತ್ತೊಮ್ಮೆ ಬಿಡುಗಡೆ ಮಾಡುತ್ತಾನೆ. ವೇದಿಕೆಯಿಲ್ಲ, ಅಧ್ಯಕ್ಷರಿಲ್ಲ, ಹಾರ-ತುರಾಯಿ ಇಲ್ಲ. ಸಂಭಾವನೆಯಂತೂ ಇಲ್ಲವೇ ಇಲ್ಲ. ಆದರೂ ಈ ಕೆಲಸ ಕಾಲು ಶತಮಾನದಿಂದ ನಿಲ್ಲದೆ ನಡೆದುಬಂದಿದೆ. ಇದಕ್ಕೆ ಅತ್ಯುತ್ತಮ ಉದಾಹರಣೆ ಟೂಂಬ್ ರೈಡರ್ ಎಂಬ ಸಾಹಸ ಆಟ.

ಡರ್ಬಿಯಲ್ಲಿ ಹುಟ್ಟಿದ ಲಾರಾ

ಏಂಜೆಲಿನಾ ಜೋಲಿ ನಟಿಸಿದ 2001ರ ಚಲನಚಿತ್ರದಿಂದಾಗಿ ಟೂಂಬ್ ರೈಡರ್ ಎಂಬ ಹೆಸರು ಆಟ ಆಡದವರ ಕಿವಿಗೂ ಬಿದ್ದಿದೆ. ಚಿತ್ರಕ್ಕಿಂತ ಐದು ವರ್ಷ ಮೊದಲೇ, 1996ರಲ್ಲಿ, ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಸಂಸ್ಥೆ ಈ ಆಟವನ್ನು ತಯಾರಿಸಿತ್ತು. ಪ್ರಕಟಿಸಿದ್ದು ಐಡೋಸ್ ಕಂಪನಿ. ರೈಲು ಗಾಡಿ ಮತ್ತು ವಿಮಾನದ ಇಂಜಿನ್ ತಯಾರಿಕೆಗೆ ಹೆಸರಾದ ಊರು ಡರ್ಬಿ. ಅಲ್ಲಿ ಬೆರಳೆಣಿಕೆಯ ಮಂದಿ ಸೇರಿ ರೂಪಿಸಿದ ಲಾರಾ ಕ್ರಾಫ್ಟ್ ಎಂಬ ಪುರಾತತ್ತ್ವ ಸಾಹಸಿ ಜಗತ್ತಿನಾದ್ಯಂತ ಮನೆಮಾತಾದಳು. ಪಾತ್ರದ ವಿನ್ಯಾಸಕ ಟೋಬಿ ಗಾರ್ಡ್.

ಆಟದ ತಿರುಳು ಸರಳ. ಲಾರಾ ಪಾಳುಬಿದ್ದ ಗುಡಿ, ಗೋರಿ, ಗುಹೆಗಳನ್ನು ಹೊಕ್ಕು ಜಿಗಿದು, ಹತ್ತಿ, ಈಜಿ, ಬೀಗದ ಕೈ ಹುಡುಕಿ, ಸನ್ನೆಗೋಲು ಎಳೆದು, ಬಾಗಿಲು ತೆರೆದು ಮುಂದೆ ಸಾಗಬೇಕು. ಗುಂಡು ಹಾರಿಸುವುದಕ್ಕಿಂತ ಹೆಚ್ಚಾಗಿ, ನಿಂತು ಸುತ್ತ ನೋಡಿ ದಾರಿ ಯೋಚಿಸುವುದೇ ಇಲ್ಲಿ ಮುಖ್ಯ. 1996ರಿಂದ 2000ದವರೆಗೆ ವರ್ಷಕ್ಕೊಂದರಂತೆ ಐದು ಆಟಗಳು ಬಂದವು.

ಕಂಪನಿಯೇ ಕೊಟ್ಟ ಉಪಕರಣ

2000ದ ನವೆಂಬರ್‌ನಲ್ಲಿ ಐದನೆಯ ಆಟವಾದ ಟೂಂಬ್ ರೈಡರ್ ಕ್ರಾನಿಕಲ್ಸ್ ಬಂದಾಗ ಕಂಪ್ಯೂಟರ್ ಆವೃತ್ತಿಯ ಪೆಟ್ಟಿಗೆಯಲ್ಲಿ ಆಟದ ಸೀಡಿಯ ಜತೆಗೆ ಇನ್ನೊಂದು ಸೀಡಿ ಇತ್ತು. ಅದೇ ಲೆವೆಲ್ ಎಡಿಟರ್. ಕೋರ್ ಡಿಸೈನ್‌ನವರು ತಮ್ಮ ಆಟಗಳನ್ನು ಕಟ್ಟಲು ಬಳಸುತ್ತಿದ್ದ ಉಪಕರಣವನ್ನೇ ಸಾರ್ವಜನಿಕರ ಕೈಗೆ ಕೊಟ್ಟಿದ್ದರು. ಜತೆಗೆ ಒಂದು ಕೈಪಿಡಿ, ಕಲಿಯಲು ಒಂದು ಮಾದರಿ ಹಂತ, ಮತ್ತು ಹಿಂದಿನ ಆಟಗಳ ಪಾತ್ರ, ಪ್ರಾಣಿ, ಬಾಗಿಲು, ಕಂಬಗಳ ಸಾಮಗ್ರಿ. ಮಿಠಾಯಿ ಅಂಗಡಿಯವನು ಮಿಠಾಯಿಯ ಜತೆ ತನ್ನ ಬಾಣಲೆ, ಜಾಲರಿ, ಅಚ್ಚುಗಳನ್ನೂ ಗಿರಾಕಿಯ ಚೀಲಕ್ಕೆ ಹಾಕಿ ಕಳುಹಿಸಿದ ಹಾಗೆ.

ಆಟದ ಲೋಕದಲ್ಲಿ ಇದು ಮೊದಲನೆಯದೇನೂ ಅಲ್ಲ. 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಎಂಬ ಅಮೆರಿಕದ ಆಟದಲ್ಲಿ ಹಂತಗಳ ಮಾಹಿತಿಯನ್ನು ಮೂಲ ಪ್ರೋಗ್ರಾಮ್‌ನಿಂದ ಬೇರೆಯಾಗಿ ಇಟ್ಟಿದ್ದರು. ಹಾಗಾಗಿ ಆಡುವವರೇ ಹೊಸ ಹಂತ ಮಾಡತೊಡಗಿದರು. 1996ರಲ್ಲಿ ಕಂಪನಿ ಹೊರತಂದ ಫೈನಲ್ ಡೂಮ್‌ನಲ್ಲಿ ಇದ್ದದ್ದು ಅಂತಹ ಹವ್ಯಾಸಿಗಳ ಕೆಲಸವೇ. ಹಾಫ್ ಲೈಫ್ ಆಟವನ್ನು ಆಧರಿಸಿ ಹವ್ಯಾಸಿಗಳು 1999ರಲ್ಲಿ ಮಾಡಿದ ಕೌಂಟರ್ ಸ್ಟ್ರೈಕ್ ಮರುವರ್ಷವೇ ಕಂಪನಿಯ ಮೂಲಕ ಅಂಗಡಿಗೆ ಬಂದು, ಮುಂದೆ ಭಾರತದ ಸೈಬರ್ ಕೆಫೆಗಳನ್ನೂ ತುಂಬಿತು. ಟೂಂಬ್ ರೈಡರ್ ಹವ್ಯಾಸಿಗಳ ದಾರಿ ಇದಕ್ಕಿಂತ ಬೇರೆ. ಅವರ ಕೆಲಸ ಹೆಚ್ಚಿನ ಮಟ್ಟಿಗೆ ಅಂಗಡಿಗೆ ಬರಲಿಲ್ಲ, ಬರಬೇಕೆಂದು ಬಯಸಲೂ ಇಲ್ಲ. 2000ದಿಂದ ಇಂದಿನವರೆಗೆ ಅವರು ಕಟ್ಟಿ ಉಚಿತವಾಗಿ ಹಂಚಿರುವ ಹಂತಗಳ ಸಂಖ್ಯೆ ಮೂರು ಸಾವಿರವನ್ನು ಮೀರಿದೆ ಎಂಬುದು ಉಲ್ಲೇಖನೀಯ.

ಪತ್ರಿಕೆ ಓದುವವರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. 1999ರಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಸಹಯೋಗದಲ್ಲಿ ಕೋರ್ ಡಿಸೈನ್ ಒಂದು ವಿಶೇಷ ಹಂತವನ್ನು ಉಚಿತವಾಗಿ ಹೊರತಂದಿತ್ತು. ಈಜಿಪ್ಟಿನ ತೂತಾಂಖಾಮುನ್ ಗೋರಿಯ ಶೋಧ ಅದರ ನೆಪ. 1922ರಲ್ಲಿ ಆ ಗೋರಿ ಪತ್ತೆಯಾದಾಗ ಅದರ ವರದಿಯ ವಿಶೇಷ ಹಕ್ಕು ಪಡೆದಿದ್ದದ್ದು ಇದೇ ಪತ್ರಿಕೆ. ಪೂರ್ತಿ ಆಟವಲ್ಲದ ಒಂದೇ ಒಂದು ಹಂತ ತನ್ನ ಕಾಲಿನ ಮೇಲೆ ತಾನು ನಿಲ್ಲಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಚೌಕ ಚೌಕವಾಗಿ ಕಟ್ಟುವ ಕೆಲಸ

ಹಂತ ಕಟ್ಟುವುದು ಹೇಗೆ? ಶಾಲೆಯ ಗಣಿತದ ಚೌಕುಳಿ ಪುಸ್ತಕವನ್ನು ನೆನಪಿಸಿಕೊಂಡರೆ ಅರ್ಧ ತಿಳಿದಂತೆಯೇ. ಟೂಂಬ್ ರೈಡರ್‌ನ ಲೋಕ ಪೂರ್ತಿಯಾಗಿ ಚೌಕಗಳಿಂದ ಆದದ್ದು. ಮೂಲ ಎಡಿಟರ್‌ನಲ್ಲಿ ಒಂದು ಕೋಣೆ ಎಂದರೆ ಗೋಡೆಗಳೂ ಸೇರಿ ಹೆಚ್ಚೆಂದರೆ 20ಕ್ಕೆ 20 ಚೌಕ. ಪ್ರತಿ ಚೌಕದ ನೆಲವನ್ನೂ ಚಾವಣಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಿಸಬಹುದು, ಇಳಿಸಬಹುದು. ಈ ಒಂದು ಮೆಟ್ಟಿಲಿಗೆ ಹವ್ಯಾಸಿಗಳು ಕ್ಲಿಕ್ ಎನ್ನುತ್ತಾರೆ. ನಾಲ್ಕು ಕ್ಲಿಕ್ ಎತ್ತರ ಒಂದು ಚೌಕದ ಉದ್ದಕ್ಕೆ ಸಮ.

ಲಾರಾಳ ಹೆಜ್ಜೆಯೂ ಇದೇ ಅಳತೆಗೆ ಕಟ್ಟುಬಿದ್ದಿದೆ. ನಿಂತಲ್ಲಿಂದ ಜಿಗಿದರೆ ಅವಳು ಒಂದು ಚೌಕದ ಕಂದಕ ದಾಟುತ್ತಾಳೆ. ಓಡಿಬಂದು ಜಿಗಿದರೆ ಎರಡು. ಓಡಿ ಜಿಗಿದು ಆಚೆಯ ಅಂಚನ್ನು ಕೈಯಿಂದ ಹಿಡಿದುಕೊಂಡರೆ ಮೂರು. ಆದ್ದರಿಂದ ಹಂತ ಕಟ್ಟುವವನು ಕಂದಕವನ್ನು ಮೂರು ಚೌಕ ಮಾಡಬೇಕೋ ನಾಲ್ಕೋ ಎಂಬುದು ಕೇವಲ ಅಂದದ ಪ್ರಶ್ನೆಯಲ್ಲ. ಮೂರಾದರೆ ಅದು ಸವಾಲು. ಬೇರೆ ದಾರಿಯಿಲ್ಲದೆ ನಾಲ್ಕಾದರೆ ಆಟ ಅಲ್ಲಿಗೇ ಮುಗಿಯಿತು.

ಕೋಣೆಯಿಂದ ಕೋಣೆಗೆ ಬಾಗಿಲು ತೆರೆದು ಜೋಡಿಸಬೇಕು. ಗೋಡೆ, ನೆಲಗಳಿಗೆ ಕಲ್ಲು, ಮಣ್ಣು, ಪಾಚಿಯ ಚಿತ್ರಗಳನ್ನು ಚೌಕ ಚೌಕಕ್ಕೂ ಹಚ್ಚಬೇಕು. ಪಂಜು ಇರುವಲ್ಲಿ ಹಳದಿ ಬೆಳಕು, ನೀರಿರುವಲ್ಲಿ ನೀಲಿ ಛಾಯೆ ಇಡಬೇಕು. ಕೊನೆಗೆ ಬರುವುದು ಟ್ರಿಗರ್. ಲಾರಾ ಈ ಚೌಕದ ಮೇಲೆ ಕಾಲಿಟ್ಟರೆ ಆ ಬಾಗಿಲು ತೆರೆಯಲಿ, ಈ ಸನ್ನೆ ಎಳೆದರೆ ಆ ಕೋಣೆಗೆ ನೀರು ನುಗ್ಗಲಿ ಎಂದು ಗೊತ್ತುಪಡಿಸುವ ಅದೃಶ್ಯ ಗುರುತು ಇದು. ನೀರು ನುಗ್ಗುವುದು ಕೂಡ ಒಂದು ಕೈಚಳಕ. ಒಣಗಿದ ಕೋಣೆ, ನೀರು ತುಂಬಿದ ಕೋಣೆ ಎಂದು ಎರಡು ಪ್ರತಿ ಮಾಡಿಟ್ಟು, ಸನ್ನೆ ಎಳೆದೊಡನೆ ಒಂದರ ಜಾಗಕ್ಕೆ ಇನ್ನೊಂದನ್ನು ತಂದು ನಿಲ್ಲಿಸುತ್ತಾರೆ. ರಂಗಮಂಚದಲ್ಲಿ ಕ್ಷಣ ದೀಪ ಆರಿಸಿ ಪರದೆ ಬದಲಿಸುವಂತೆಯೇ.

ಯಕ್ಷಗಾನ ಬಲ್ಲವರಿಗೆ ಇನ್ನೂ ಹತ್ತಿರದ ಹೋಲಿಕೆ ಕೊಡಬಹುದು. ಪ್ರಸಂಗಕರ್ತ ಪದ್ಯಗಳನ್ನು ಕಟ್ಟಿಕೊಡುತ್ತಾನೆ. ಅರ್ಥಧಾರಿ ಅದರೊಳಗೆ ತನ್ನ ಬುದ್ಧಿಯಂತೆ ಮಾತು ಬೆಳೆಸುತ್ತಾನೆ. ಹಂತ ಕಟ್ಟುವವನು ಪ್ರಸಂಗಕರ್ತ, ಆಡುವವನು ಅರ್ಥಧಾರಿ. ಅರ್ಥಧಾರಿ ಎಲ್ಲೆಲ್ಲಿ ಹಾರಬಹುದು, ಎಲ್ಲಿ ತಪ್ಪಬಹುದು ಎಂಬುದನ್ನೆಲ್ಲ ಬರೆಯುವಾಗಲೇ ಊಹಿಸುವುದು ಯಾವ ಪ್ರಸಂಗಕರ್ತನಿಂದಲೂ ಆಗದು. ಪರಿಷ್ಕೃತ ಆವೃತ್ತಿಯ ಅಗತ್ಯ ಹುಟ್ಟುವುದು ಇಲ್ಲಿಯೇ.

ಎರಡನೆಯ ಬಿಡುಗಡೆ ಏಕೆ?

ಹಂತ ಮುಗಿದ ಮೇಲೆ ಮೊದಲು ಅದು ನಾಲ್ಕಾರು ಪರೀಕ್ಷಕರ ಕೈಗೆ ಹೋಗುತ್ತದೆ. ಇವರೂ ಹವ್ಯಾಸಿಗಳೇ, ಬೇರೆ ಬೇರೆ ದೇಶದವರು. ಬ್ಯಾಂಕಿನ ಲೆಕ್ಕ ತಪಾಸಣೆಯವರಂತೆ ಇವರು ಮೂಲೆ ಮೂಲೆ ತಡಕುತ್ತಾರೆ. ಚಿತ್ರ ಹಚ್ಚದೆ ಬಿಟ್ಟುಹೋದ ಗೋಡೆ, ಗಾಳಿಯಲ್ಲಿ ತೇಲುವ ಕಂಬ, ತಲೆಕೆಳಗಾದ ಕಲ್ಲಿನ ಸಾಲು, ಗೋಡೆಯೊಳಗೆ ಸಿಕ್ಕಿಕೊಳ್ಳುವ ಕ್ಯಾಮೆರಾ ಎಲ್ಲವನ್ನೂ ಪಟ್ಟಿ ಮಾಡಿ ಕಳುಹಿಸುತ್ತಾರೆ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡ ತಪ್ಪು ಬೇರೆಯೇ ಇದೆ. ಉದಾಹರಣೆಗೆ, ಒಂದು ಬಾಗಿಲು ಲಾರಾ ಒಳಗೆ ಬಂದೊಡನೆ ಹಿಂದೆ ಮುಚ್ಚಿಕೊಳ್ಳುತ್ತದೆ ಎನ್ನೋಣ. ಮುಂದಿನ ಬೀಗದ ಕೈ ಹಿಂದಿನ ಕೋಣೆಯಲ್ಲಿದೆ. ಕಟ್ಟಿದವನು ಪ್ರತಿ ಬಾರಿಯೂ ಕೈಯನ್ನು ಎತ್ತಿಕೊಂಡೇ ಒಳಗೆ ಬಂದಿರುತ್ತಾನೆ, ಏಕೆಂದರೆ ಅದು ಎಲ್ಲಿದೆ ಎಂದು ಅವನಿಗೆ ಗೊತ್ತು. ಪರೀಕ್ಷಕರೂ ಹಾಗೆಯೇ ಆಡಿರಬಹುದು. ಬಿಡುಗಡೆಯಾದ ಮೇಲೆ ನೂರನೆಯ ಆಟಗಾರ ಕೈಯನ್ನು ನೋಡದೆ ಒಳಗೆ ಬರುತ್ತಾನೆ. ಬಾಗಿಲು ಮುಚ್ಚಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಅಲ್ಲಿಯೇ ಸೇವ್ ಮಾಡಿದ್ದರಂತೂ ಅವನ ನಾಲ್ಕೈದು ಗಂಟೆಯ ಶ್ರಮ ನೀರುಪಾಲು.

ತಪ್ಪಲ್ಲದೆಯೂ ತಿದ್ದುಪಡಿ ಬೇಕಾಗುವುದುಂಟು. ಬಾಗಿಲು ಹತ್ತು ಸೆಕೆಂಡು ಮಾತ್ರ ತೆರೆದಿರುವಂತೆ ಮಾಡಿದ್ದರೆ, ಕಟ್ಟಿದವನ ಪಳಗಿದ ಬೆರಳಿಗೆ ಅದು ಸಾಕು, ಬೇರೆಯವರಿಗೆ ಸಾಲದು. ಕತ್ತಲೆಯ ಗುಹೆ ಅವನ ಕಂಪ್ಯೂಟರ್ ಪರದೆಯಲ್ಲಿ ಸೊಗಸು, ಇನ್ನೊಬ್ಬರ ಪರದೆಯಲ್ಲಿ ಬರೀ ಕಪ್ಪು. ಆಗ ಎರಡು ಸೆಕೆಂಡು ಹೆಚ್ಚಿಸಿ, ಒಂದು ಪಂಜು ಸೇರಿಸಿ, ಒಂದು ಔಷಧದ ಪೆಟ್ಟಿಗೆ ಇಟ್ಟು ಹೊಸ ಆವೃತ್ತಿ ಹೊರತರುತ್ತಾರೆ. ಹಂತದ ಜತೆಗಿರುವ ಸಣ್ಣ ಟಿಪ್ಪಣಿ ಕಡತದಲ್ಲಿ ಏನೇನು ಬದಲಾಯಿತು ಎಂದು ಸಾಲು ಸಾಲಾಗಿ ಬರೆದಿರುತ್ತಾರೆ.

ಹವ್ಯಾಸಿಗಳ ವಲಯದಲ್ಲಿ ವಿಮರ್ಶೆಗೂ ಕಟ್ಟುನಿಟ್ಟಿನ ಕ್ರಮವಿದೆ. ಆಟ ಮತ್ತು ಒಗಟುಗಳು, ಶತ್ರು-ವಸ್ತು-ಗುಪ್ತ ಜಾಗಗಳು, ವಾತಾವರಣ-ಧ್ವನಿ-ಕ್ಯಾಮೆರಾ, ಬೆಳಕು ಮತ್ತು ಚಿತ್ರಗಳು ಎಂಬ ನಾಲ್ಕು ವಿಭಾಗಗಳಿಗೆ ತಲಾ ಹತ್ತರಲ್ಲಿ ಅಂಕ ಕೊಡುತ್ತಾರೆ. ನಾಟಕ ಸ್ಪರ್ಧೆಯ ತೀರ್ಪುಗಾರರು ನಟನೆ, ರಂಗಸಜ್ಜಿಕೆ, ಬೆಳಕು, ನಿರ್ದೇಶನ ಎಂದು ಅಂಕ ಹಾಕುವುದಿಲ್ಲವೇ, ಹಾಗೆ. ಮೊದಲ ಆವೃತ್ತಿಗೆ ಬಿದ್ದ ಕಡಿಮೆ ಅಂಕ, ಹಂತವನ್ನು ತಿದ್ದಿದ ಮಾತ್ರಕ್ಕೆ ತಾನಾಗಿ ಅಳಿಸಿಹೋಗುವುದಿಲ್ಲ. ಹೀಗಾಗಿ ತಿದ್ದುವವನಿಗೆ ಇದರಿಂದ ದೊಡ್ಡ ಲಾಭವೇನೂ ಇಲ್ಲ. ಮುಂದೆ ಬರುವ ಆಟಗಾರನಿಗೆ ತೊಂದರೆಯಾಗಬಾರದು ಎಂಬುದೊಂದೇ ಕಾರಣ.

ಹಳೆಯ ಸೇವ್, ಹೊಸ ಲೆಡ್ಜರ್

ತಿದ್ದುವುದು ಸುಲಭ, ಬಿಡುಗಡೆ ಮಾಡುವುದು ಕಷ್ಟ ಎನ್ನಲು ಇನ್ನೊಂದು ಕಾರಣವಿದೆ. ಆಟಗಾರ ಮಧ್ಯದಲ್ಲಿ ನಿಲ್ಲಿಸಿ ಮರುದಿನ ಮುಂದುವರಿಸಲು ಆಟವನ್ನು ಸೇವ್ ಮಾಡುತ್ತಾನೆ. ಹಳೆಯ ಮಾದರಿಯ ಟೂಂಬ್ ರೈಡರ್‌ನಲ್ಲಿ ಈ ಸೇವ್ ಎಂದರೆ ಹಂತದಲ್ಲಿರುವ ವಸ್ತುಗಳ ಸ್ಥಿತಿಯನ್ನು ಒಂದರ ನಂತರ ಒಂದರಂತೆ ಬರೆದಿಟ್ಟ ಪಟ್ಟಿ. ಮೊದಲನೆಯ ಬಾಗಿಲು ತೆರೆದಿದೆ, ಎರಡನೆಯ ಹುಲಿ ಸತ್ತಿದೆ, ಮೂರನೆಯ ಸನ್ನೆ ಎಳೆದಾಗಿದೆ, ಹೀಗೆ.

ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬರುವ ಮೊದಲಿನ ಲೆಡ್ಜರ್ ನೋಡಿದವರಿಗೆ ಇದರ ಅಪಾಯ ಕೂಡಲೇ ತಿಳಿಯುತ್ತದೆ. ಪ್ರತಿ ಖಾತೆಗೆ ಒಂದು ಪುಟ, ಪುಟಕ್ಕೆ ಒಂದು ಸಂಖ್ಯೆ. ಮಧ್ಯದಲ್ಲಿ ಒಂದು ಹೊಸ ಪುಟ ಸೇರಿಸಿ ಎಲ್ಲ ಸಂಖ್ಯೆಗಳನ್ನೂ ಒಂದೊಂದು ಮುಂದೆ ತಳ್ಳಿದರೆ, ಹಳೆಯ ಸಂಖ್ಯೆ ಹಿಡಿದು ಬಂದ ಗ್ರಾಹಕನ ಜಮೆ ಪಕ್ಕದವನ ಖಾತೆಗೆ ಬೀಳುತ್ತದೆ. ಹಂತದಲ್ಲಿ ಒಂದು ಪಂಜನ್ನೋ ಪೆಟ್ಟಿಗೆಯನ್ನೋ ಸೇರಿಸಿದರೂ ಹೀಗೆಯೇ ಆಗಬಹುದು. ಹಳೆಯ ಸೇವ್ ಹೊಸ ಆವೃತ್ತಿಯಲ್ಲಿ ತೆರೆದರೆ ಬಾಗಿಲಿನ ಲೆಕ್ಕ ಹುಲಿಗೆ ಹೋಗುತ್ತದೆ, ಇಲ್ಲವೇ ಆಟವೇ ಕುಸಿದು ನಿಲ್ಲುತ್ತದೆ.

ಆದ್ದರಿಂದ ಪರಿಷ್ಕೃತ ಆವೃತ್ತಿಯ ಜತೆ ಸಾಮಾನ್ಯವಾಗಿ ಒಂದು ಎಚ್ಚರಿಕೆ ಇರುತ್ತದೆ: ಹಳೆಯ ಸೇವ್ ಕೆಲಸ ಮಾಡುವುದಿಲ್ಲ, ಮೊದಲಿನಿಂದ ಆಡಬೇಕು. ಅರ್ಧ ಆಡಿದವನಿಗೆ ಇದು ಬೇಸರದ ಮಾತು. ಕಟ್ಟಿದವನು ಇಲ್ಲಿ ತೂಗಿ ನೋಡಬೇಕಾಗುತ್ತದೆ. ಗೋಡೆಯ ಚಿತ್ರ ಓರೆಯಾಗಿದೆ ಎಂಬ ಕಾರಣಕ್ಕೆ ವಾರಕ್ಕೊಂದು ಆವೃತ್ತಿ ತಂದರೆ ಆಡುವವರು ರೋಸಿಹೋಗುತ್ತಾರೆ. ದಾರಿಯೇ ಮುಚ್ಚಿಹೋಗುವ ತಪ್ಪನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಇನ್ನಷ್ಟು ಮಂದಿ ಸಿಕ್ಕಿಬೀಳುತ್ತಾರೆ. ಅನುಭವಿಗಳು ಸಣ್ಣ ತಪ್ಪುಗಳನ್ನು ಕೂಡಿಟ್ಟು ಒಮ್ಮೆಗೇ ತಿದ್ದುತ್ತಾರೆ. ದೊಡ್ಡ ತಪ್ಪಿಗೆ ಮಾತ್ರ ತಕ್ಷಣ ಹೊಸ ಆವೃತ್ತಿ ಕೊಡುತ್ತಾರೆ.

ಹಣ ಪಡೆದ ಕಂಪನಿಗಳೇ ಈ ವಿವೇಕ ತೋರದ ಉದಾಹರಣೆ ಇದೇ ಸರಣಿಯಲ್ಲಿದೆ. 2003ರಲ್ಲಿ ಬಂದ ಏಂಜೆಲ್ ಆಫ್ ಡಾರ್ಕ್‌ನೆಸ್ ಅವಸರದಲ್ಲಿ, ಅರೆಬೆಂದ ಸ್ಥಿತಿಯಲ್ಲಿ ಅಂಗಡಿಗೆ ಬಂತು. ಬಿಡುಗಡೆಯ ನಂತರ ತೇಪೆಗಳು ಬಂದರೂ ಹೆಸರು ಉಳಿಯಲಿಲ್ಲ. ಮುಂದಿನ ಆಟದ ಹೊಣೆ ಕೋರ್ ಡಿಸೈನ್‌ನ ಕೈತಪ್ಪಿ ಅಮೆರಿಕದ ಕ್ರಿಸ್ಟಲ್ ಡೈನಾಮಿಕ್ಸ್‌ಗೆ ಹೋಯಿತು.

ಹಕ್ಕು ಯಾರದು, ಹೆಸರು ಯಾರದು

ಸಂಘದ ವಕೀಲ ಸದಸ್ಯರು ಕೇಳಬಹುದಾದ ಪ್ರಶ್ನೆಯೊಂದಿದೆ. ಲಾರಾ ಬೇರೆಯವರ ಸ್ವತ್ತು. ಅವಳನ್ನು ಬಳಸಿ ಹಂತ ಕಟ್ಟಿದರೆ ಅದರ ಹಕ್ಕು ಯಾರಿಗೆ? ಟೂಂಬ್ ರೈಡರ್ ಒಡೆತನವೂ ಕೈ ಬದಲಿಸುತ್ತಾ ಬಂದಿದೆ. ಐಡೋಸ್ ಅನ್ನು 2009ರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಕೊಂಡಿತು. 2022ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್ ಸಹಿತ ಇದು ಸ್ವೀಡನ್ನಿನ ಎಂಬ್ರೇಸರ್ ಸಮೂಹದ ಪಾಲಾಯಿತು.

ಹವ್ಯಾಸಿಗಳು ಇಲ್ಲಿ ಎರಡು ನಿಯಮಗಳನ್ನು ಪಾಲಿಸುತ್ತಾ ಬಂದಿದ್ದಾರೆ. ಮೊದಲನೆಯದು, ಹಂತವನ್ನು ಹಣಕ್ಕೆ ಮಾರಬಾರದು. ಎರಡನೆಯದು, ಎರವಲು ತಂದ ಪ್ರತಿಯೊಂದಕ್ಕೂ ಹೆಸರು ಹೇಳಬೇಕು. ಒಂದು ಹಂತದಲ್ಲಿ ಬಾಗಿಲು ಒಬ್ಬರದು, ಆನೆ ಇನ್ನೊಬ್ಬರದು, ಲಾರಾಳ ಉಡುಪು ಮತ್ತೊಬ್ಬರದು ಆಗಿರಬಹುದು. ಅವರೆಲ್ಲರ ಪಟ್ಟಿ ಹಂತದ ಜತೆ ಇರಲೇಬೇಕು. ಹೆಸರು ಬಿಟ್ಟರೆ ಅದು ಈ ವಲಯದಲ್ಲಿ ಮರ್ಯಾದೆಯ ಪ್ರಶ್ನೆ. ಪರಿಷ್ಕೃತ ಆವೃತ್ತಿ ಬರುವುದಕ್ಕೆ ಎಷ್ಟೋ ಬಾರಿ ಇದೂ ಒಂದು ಕಾರಣ. ಬಿಟ್ಟುಹೋದ ಹೆಸರನ್ನು ಸೇರಿಸುವುದಕ್ಕೆಂದೇ ಹೊಸ ಕಡತ ಕಟ್ಟಿ ಕಳುಹಿಸುತ್ತಾರೆ. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ದಾನಿಗಳ ಹೆಸರು ತಪ್ಪಿದಾಗ ಕಾರ್ಯದರ್ಶಿ ಪಡುವ ಪಾಡು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾರ್ಖಾನೆ ಮುಚ್ಚಿತು, ಉಪಕರಣ ಉಳಿಯಿತು

ಕೋರ್ ಡಿಸೈನ್‌ನ ಕಥೆ ದುಃಖಾಂತ. 2006ರಲ್ಲಿ ಅದರ ಸಿಬ್ಬಂದಿ ಮತ್ತು ಆಸ್ತಿ ರೆಬೆಲಿಯನ್ ಎಂಬ ಸಂಸ್ಥೆಗೆ ಮಾರಾಟವಾಯಿತು. 2010ರಲ್ಲಿ ಡರ್ಬಿಯ ಆ ಘಟಕವೂ ಮುಚ್ಚಿತು. ಅದೇ 2010ರಲ್ಲಿ ಡರ್ಬಿಯ ಹೊಸ ವರ್ತುಲ ರಸ್ತೆಯ ಒಂದು ಭಾಗಕ್ಕೆ ಸಾರ್ವಜನಿಕ ಮತದಾನದಂತೆ ಲಾರಾ ಕ್ರಾಫ್ಟ್ ವೇ ಎಂಬ ಹೆಸರು ಬಂತು. ಗಿರಣಿ ಮುಚ್ಚಿದ ಮೇಲೆ ಗಿರಣಿಯ ಹೆಸರು ರಸ್ತೆಗೂ ಬಸ್ ನಿಲ್ದಾಣಕ್ಕೂ ಉಳಿಯುವುದನ್ನು ಮುಂಬಯಿಯ ಪರೇಲ್, ಲಾಲ್‌ಬಾಗ್ ಕಡೆಯ ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ.

ಆದರೆ ಇಲ್ಲಿ ಹೆಸರಿನ ಜತೆ ಕೆಲಸವೂ ಉಳಿಯಿತು. ಎಡಿಟರ್‌ಗೆ ಕಂಪನಿಯ ಬೆಂಬಲ ನಿಂತ ಮೇಲೆ ಹವ್ಯಾಸಿಗಳೇ ಅದನ್ನು ಎತ್ತಿಕೊಂಡರು. ಮೊದಲು ಇಟಲಿಯ ಒಬ್ಬ ಪ್ರೋಗ್ರಾಮರ್ ನೆಕ್ಸ್ಟ್ ಜನರೇಷನ್ ಎಂಬ ವಿಸ್ತರಣೆ ಬರೆದು ಹಳೆಯ ಮಿತಿಗಳನ್ನು ಸಡಿಲಿಸಿದರು. ನಂತರ ಟೂಂಬ್ ಎಡಿಟರ್ ಎಂಬ ಪೂರ್ತಿ ಹೊಸ ಉಪಕರಣ ಬಂತು. ಹಳೆಯ ಹಂತಗಳ ಮೂಲ ಕಡತಗಳನ್ನೂ ಅದು ತೆರೆಯಬಲ್ಲದು. ಈಗ ಟೂಂಬ್ ಇಂಜಿನ್ ಎಂಬ ಮುಕ್ತ ತಂತ್ರಾಂಶ ಬೆಳೆಯುತ್ತಿದೆ. ಅದರಲ್ಲಿ ಲುವಾ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆದೇಶ ಬರೆದು ಆಟದ ನಡವಳಿಕೆ ಬದಲಿಸಬಹುದು. ಇದರಿಂದಾಗಿ ವರ್ಷಗಳ ಹಿಂದೆ ಹಂತ ಕಟ್ಟಿ ಬಿಟ್ಟವರು ಮೂಲ ಕಡತ ಹುಡುಕಿ ತೆಗೆದು, ಬೆಳಕು ಸರಿಪಡಿಸಿ, ಒಗಟು ತಿದ್ದಿ ಮರಳಿ ಬಿಡುಗಡೆ ಮಾಡಲು ಸಾಧ್ಯವಾಗಿದೆ. ಮೂಲ ಕಡತವನ್ನು ಜೋಪಾನ ಮಾಡದವರಿಗೆ ಈ ಭಾಗ್ಯ ಸುಲಭವಲ್ಲ. ಮುದ್ರಿತ ಪುಸ್ತಕ ಉಳಿದು ಹಸ್ತಪ್ರತಿ ಕಳೆದುಹೋದಂತೆ ಅವರ ಸ್ಥಿತಿ.

ಹವ್ಯಾಸಿಗಳ ಈ ನಿಷ್ಠೆಗೆ ಅಧಿಕೃತ ಮನ್ನಣೆಯೂ ದೊರೆತಿದೆ. ಹಳೆಯ ಟೂಂಬ್ ರೈಡರ್ ಅನ್ನು ಹೊಸ ಯಂತ್ರಗಳಲ್ಲಿ ಓಡಿಸಲು ಓಪನ್ ಲಾರಾ ಎಂಬ ಮುಕ್ತ ತಂತ್ರಾಂಶವನ್ನು ಒಬ್ಬ ಅಭಿಮಾನಿ ತನ್ನ ಬಿಡುವಿನಲ್ಲಿ ಬರೆದಿದ್ದ. ಗೇಮ್‌ಬಾಯ್ ಅಡ್ವಾನ್ಸ್ ಎಂಬ ಅಂಗೈ ಯಂತ್ರದಲ್ಲಿಯೂ ಅದು ಓಡಿತು. 2024ರ ಫೆಬ್ರವರಿ 14ರಂದು ಆಸ್ಪೈರ್ ಸಂಸ್ಥೆ ಮೊದಲ ಮೂರು ಆಟಗಳ ಪರಿಷ್ಕೃತ ಸಂಪುಟವನ್ನು ಹೊರತಂದಾಗ, ಅದರ ತಾಂತ್ರಿಕ ಹೊಣೆ ಹೊತ್ತದ್ದು ಅದೇ ಅಭಿಮಾನಿ. ಮರುವರ್ಷ ಅದೇ ದಿನ ಮುಂದಿನ ಮೂರು ಆಟಗಳ ಸಂಪುಟವೂ ಬಂತು. ಹವ್ಯಾಸಿ ಸಂಘದಲ್ಲಿ ಬಣ್ಣ ಹಚ್ಚಿದವನು ಮೇಳದ ಚೌಕಿಗೆ ಕರೆ ಪಡೆದಂತಹ ಸಂದರ್ಭ ಇದು.

ಗಂಗಾ ತೀರದಿಂದ ಹಳೇಬೀಡಿಗೆ

1998ರ ಮೂರನೆಯ ಟೂಂಬ್ ರೈಡರ್ ಆರಂಭವಾಗುವುದೇ ಭಾರತದಲ್ಲಿ. ಕಾಡು, ಗುಡಿಯ ಅವಶೇಷ, ಗಂಗಾ ನದಿ, ಕಾಲಿಯನ ಗುಹೆ ಎಂಬ ನಾಲ್ಕು ಹಂತಗಳು. ಕಾಡಿನಲ್ಲಿ ಹುಲಿ, ಸಾಮಾನು ಎತ್ತಿಕೊಂಡು ಓಡುವ ಕೋತಿ, ಗುಡಿಯಲ್ಲಿ ನಾಗರಹಾವು. ಅಷ್ಟಕ್ಕೇ ನಿಲ್ಲದೆ ಆರು ಕೈಗಳಲ್ಲಿ ಕತ್ತಿ ಹಿಡಿದ ದೇವತಾಮೂರ್ತಿಗಳು ಜೀವ ತಳೆದು ಲಾರಾಳ ಮೇಲೆ ಎರಗುತ್ತವೆ. ಕಾಳಿಂಗಮರ್ದನದ ಕಥೆ ಕೇಳಿ ಬೆಳೆದವರಿಗೆ ಗಂಗೆಯ ಬಳಿಯ ಗುಹೆಗೆ ಕಾಲಿಯನ ಹೆಸರು ಹೇಗೆ ಬಂತು ಎಂದು ಅಚ್ಚರಿಯಾದೀತು. ಪೂಜಿಸುವ ಮೂರ್ತಿಯನ್ನು ಗುಂಡಿಕ್ಕಬೇಕಾದ ಶತ್ರುವಾಗಿ ಕಂಡಾಗ ಮನಸ್ಸಿಗೆ ಹಿತವೆನಿಸದು. ದೂರದ ಊರಿನವರು ದೂರದಿಂದ ಕಂಡ ಭಾರತ ಅದು.

ಕರ್ನಾಟಕವೂ ಸಾಹಸ ಆಟದ ಭೂಪಟಕ್ಕೆ ಬಂದಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ಹೊರತಂದ ಅನ್‌ಚಾರ್ಟೆಡ್ ಸರಣಿಯ ದಿ ಲಾಸ್ಟ್ ಲೆಗಸಿ ಆಟದ ಬಹುಭಾಗ ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರ ಕಾಲದ ಗಣೇಶನ ದಂತದ ಹುಡುಕಾಟ ಅದರ ಕಥೆ. ಬೇಲೂರು, ಹಳೇಬೀಡಿನ ಹೆಸರುಗಳು ಪಾತ್ರಗಳ ಬಾಯಲ್ಲಿ ಬರುತ್ತವೆ. ಆಟದಲ್ಲಿ ಕಾಣುವ ಬೃಹತ್ ನಗರಗಳು ಕಲ್ಪನೆಯವು. ನಿಜವಾದ ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡದ್ದು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಆಟ ತಯಾರಿಕೆಯೂ ಕನ್ನಡ ನಾಡಿಗೆ ಹೊಸತಲ್ಲ. 1990ರ ದಶಕದಲ್ಲಿಯೇ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆ ವಿದೇಶಿ ಆಟಗಳಿಗೆ ಕೆಲಸ ಮಾಡತೊಡಗಿ, ದೇಶದಲ್ಲಿ ಈ ಉದ್ಯಮಕ್ಕೆ ಅಡಿಪಾಯ ಹಾಕಿದ ಸಂಸ್ಥೆಗಳಲ್ಲಿ ಒಂದಾಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಹೀಗಿರುವಾಗ ಬಾದಾಮಿಯ ಗುಹೆ, ಹಂಪಿಯ ಪುಷ್ಕರಣಿ, ಹಳೇಬೀಡಿನ ಜಗಲಿಯನ್ನು ಬಲ್ಲವರೇ ಒಂದು ಹಂತ ಕಟ್ಟಿದರೆ ಹೇಗಿದ್ದೀತು?

ಕಟ್ಟಲು ಹೊರಟರೆ ತಾಂತ್ರಿಕ ತೊಡಕು ಇಲ್ಲದಿಲ್ಲ. ಟೂಂಬ್ ರೈಡರ್‌ನ ಚೌಕವನ್ನು ಓರೆಯಾಗಿ ಸೀಳಿ ಎರಡು ತ್ರಿಕೋನ ಮಾಡಬಹುದೇ ಹೊರತು ಹೊಯ್ಸಳರ ನಕ್ಷತ್ರಾಕಾರದ ಜಗಲಿ ಅದರಲ್ಲಿ ನೇರವಾಗಿ ಮೂಡದು. ಅದನ್ನು ಬೇರೆ ತಂತ್ರಾಂಶದಲ್ಲಿ ಮೂರ್ತಿಯಂತೆ ಕೆತ್ತಿ ತಂದು ಕೂರಿಸಬೇಕು. ಹಳೆಯ ಎಡಿಟರ್‌ನ ಅಕ್ಷರಗಳು ರೋಮನ್ ಲಿಪಿಯವು. ಕನ್ನಡ ಶಾಸನವನ್ನು ಗೋಡೆಗೆ ಚಿತ್ರವಾಗಿ ಹಚ್ಚಬೇಕು. ಬಾದಾಮಿಗೆ ಇಷ್ಟು ಕಷ್ಟವಿಲ್ಲ. ಬಂಡೆ ಕೊರೆದು ಮಾಡಿದ ಗುಹೆ, ಮೆಟ್ಟಿಲು, ಚೌಕ ಕಂಬ, ಎದುರಿಗೆ ಅಗಸ್ತ್ಯ ತೀರ್ಥ. ಚೌಕದ ಲೋಕಕ್ಕೆ ಹೇಳಿ ಮಾಡಿಸಿದಂತಿದೆ.

ಸಂಘಗಳು ಮಾಡಬಹುದಾದದ್ದು

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆ ಕಾಲಹರಣ ಎಂದೇ ಹಿರಿಯರ ದೂರು. ಅದರಲ್ಲಿ ನಿಜವೂ ಇದೆ. ಗಂಟೆಗಟ್ಟಲೆ ಆಡುವುದರಿಂದ ಕಣ್ಣಿಗೂ ಓದಿಗೂ ಹಾನಿ. ಆದರೆ ಆಡುವುದು ಬೇರೆ, ಕಟ್ಟುವುದು ಬೇರೆ. ಕಟ್ಟುವವನಿಗೆ ಅಳತೆ ಬೇಕು, ಬೆಳಕಿನ ಜ್ಞಾನ ಬೇಕು, ಕಥೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ತನ್ನ ಕೆಲಸದ ತಪ್ಪನ್ನು ಅಪರಿಚಿತರಿಂದ ಕೇಳಿಸಿಕೊಂಡು ಸಿಟ್ಟಾಗದೆ ತಿದ್ದುವ ತಾಳ್ಮೆ ಬೇಕು. ಈ ಕೊನೆಯ ಪಾಠವನ್ನು ಯಾವ ಟ್ಯೂಷನ್ ಕ್ಲಾಸಿನಲ್ಲಿಯೂ ಕಲಿಸುವುದಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಮಂದಿ. ದಿನದ ಕೆಲಸ ಮುಗಿಸಿ ರಾತ್ರಿ ಎರಡು ಗಂಟೆ ಒಂದು ವಿದ್ಯೆಗೆ ಮೀಸಲಿಡುವುದರ ಬೆಲೆ ಅವರಿಗೆ ಗೊತ್ತು. ಹಂತ ಕಟ್ಟುವ ಹವ್ಯಾಸಿಗಳೂ ಇದೇ ಜಾತಿಯವರು. ಕಚೇರಿ, ಕಾಲೇಜು, ಮನೆಗೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಚೌಕ ಜೋಡಿಸುವವರು.

ಬೇಸಗೆ ರಜೆಯಲ್ಲಿ ಸಂಘದ ಯುವ ವಿಭಾಗ ರಂಗೋಲಿ, ಭಾವಗೀತೆ, ಅಂತ್ಯಾಕ್ಷರಿಯ ಜತೆಗೆ ಇಂತಹ ಒಂದು ಶಿಬಿರವನ್ನೂ ಏರ್ಪಡಿಸಬಹುದು. ಖರ್ಚು ಹೆಚ್ಚಿಲ್ಲ. ಟೂಂಬ್ ಎಡಿಟರ್ ಉಚಿತ, ದೊಡ್ಡ ಯಂತ್ರವೂ ಬೇಡ. ನಾಲ್ಕೈದು ಮಕ್ಕಳು ಸೇರಿ ಒಂದೇ ಒಂದು ಕೋಣೆ ಕಟ್ಟಲಿ. ಊರಿನ ಒಂದು ಗುಡಿ, ಒಂದು ಕೋಟೆ, ಅಜ್ಜನ ಮನೆಯ ಒಂದು ನಾಲ್ಕಂಕಣದ ಜಗಲಿ ಆದರೂ ಆದೀತು. ಅದಕ್ಕಾಗಿ ಅಳತೆ ಕೇಳಲು ಊರಿಗೆ ಫೋನ್ ಮಾಡುವರು, ಕಂಬ ಎಷ್ಟಿವೆ ಎಂದು ಹಿರಿಯರನ್ನು ಕೇಳುವರು. ಬೊಂಬಾಯಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಬೈಂದೂರೋ ಬಿಜಾಪುರವೋ ಹತ್ತಿರವಾಗಲು ಇದಕ್ಕಿಂತ ಒಳ್ಳೆಯ ನೆಪ ಸ್ವಲ್ಪ ಕಡಿಮೆಯೇ.

ಮೊದಲ ಬಾರಿಗೆ ಕಟ್ಟಿದ್ದರಲ್ಲಿ ತಪ್ಪಿದ್ದೇ ಇರುತ್ತದೆ. ಕಂಬ ತೇಲೀತು, ಬಾಗಿಲು ತೆರೆಯದಿದ್ದೀತು. ಮುಂದಿನ ವರ್ಷದ ಶಿಬಿರದಲ್ಲಿ ಅದೇ ಮಕ್ಕಳು ಅದನ್ನು ತಿದ್ದಿ, ಏನೇನು ಬದಲಾಯಿತು ಎಂದು ಕನ್ನಡದಲ್ಲಿ ಬರೆದು, ಸಹಾಯ ಮಾಡಿದವರ ಹೆಸರು ಹಾಕಿ ಎರಡನೆಯ ಆವೃತ್ತಿ ಹೊರತರಲಿ. ಸಂಘದ ಪದಾಧಿಕಾರಿಗಳು ಅಂದು ಆ ಮಕ್ಕಳಿಗೂ ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಸಿ, ಒಂದು ದೀಪ ಬೆಳಗಿಸಿದರೆ ಅದು ನಿಜಕ್ಕೂ ಸ್ತುತ್ಯರ್ಹ ಕಾರ್ಯವಾದೀತು.